ನೀರು ಬಂದ್ ಮಾಡೋದು ಹೆಂಗಪಾ?

14 ಜೂನ್ 2025, ಶನಿವಾರ
ಗದಗ

ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಕಾರಹುಣ್ಣಿಮೆಗೆ ಹೋಗಲು ಆಗಿರಲಿಲ್ಲ, ಅದಕ್ಕೇ ಇವತ್ತು ಊರಿಗೆ ಹೋಗಿ ಬಂದೆ. ಅತ್ತಿ ಕರಿಗಡಬು ಎತ್ತಿಟ್ಟಿದ್ದಳು. ಹೊಲದಲ್ಲಿ ಹೆಸರು ಬಿತ್ತಿ ಆಗಿದೆ. ಸಂತೋಷದ ಸುದ್ದಿ ಇಷ್ಟೇ.

ಮಾಮಾ ಈ ತಿಂಗಳ ಕೊನೆಗೆ ನಿವೃತ್ತ. ಅರವತ್ತು ತುಂಬಿತು. ಊರಿನ ಅರ್ಧ ಭಾಗಕ್ಕೆ ಅವನು ನೀರಗಂಟಿ. ಇನ್ನರ್ಧಕ್ಕೂ ಪಕ್ಕದ ಸಣ್ಣ ಹಳ್ಳಿಗೂ ಇನ್ನೊಬ್ಬ ಇದ್ದಾನೆ. ಪಂಚಾಯ್ತಿಯಲ್ಲಿ ಹೋದ ವಾರ ಠರಾವು ಆಗಿದೆಯಂತೆ. ಖಾಲಿಯಾಗುವ ಜಾಗಕ್ಕೆ ಹೊಸಬರು ಬೇಡ, ಇದ್ದವನೇ ಎರಡೂ ಕಡೆ ನೋಡಿಕೊಳ್ಳಲಿ, ಮೋಟರ್ ಕೆಟ್ಟರೆ ಹೊರಗಿನಿಂದ ಮಿಸ್ತ್ರಿ ಕರೆಸೋಣ ಅಂತ.

ಯಾರನ್ನೂ ಕೆಲಸದಿಂದ ತೆಗೆದಿಲ್ಲ. ಯಾರಿಗೂ ನೋಟಿಸು ಕೊಟ್ಟಿಲ್ಲ. ಒಬ್ಬನಿಗೆ ವಯಸ್ಸಾಯಿತು, ಅವನ ಹಿಂದೆಯೇ ಅವನ ಹುದ್ದೆಯೂ ಹೋಯಿತು. ಹೀಗಾದರೆ ಯಾರ ಮೇಲೆ ಸಿಟ್ಟು ಮಾಡೋದು? ತೆಗೆದುಹಾಕಿದರೆ ಜನ ಸೇರುತ್ತಾರೆ, ಗದ್ದಲ ಆಗುತ್ತದೆ. ಭರ್ತಿ ಮಾಡದೆ ಬಿಟ್ಟರೆ ಶಾಲು ಹೊದಿಸಿ, ಫೋಟೋ ತೆಗೆಸಿ ಕಳಿಸುತ್ತಾರೆ. ಮಾಮಾನ ಶಾಲು ಆಗಲೇ ಬಂದಿದೆಯಂತೆ, ಬಿಲ್ ಕಲೆಕ್ಟರ್ ಹೇಳಿದ. ಬಣ್ಣ ಕೂಡ ಹೇಳಿದ.

2019ರಲ್ಲಿ ಜಲಜೀವನ ಮಿಷನ್ ಬಂದ ಮೇಲೆ ಓಣಿ ಓಣಿ ಅಗೆದು ಪೈಪ್ ಹಾಕಿದರು. ಮನೆಗೊಂದು ನಳ, ತಲೆಗೆ ದಿನಕ್ಕೆ 55 ಲೀಟರ್ ಅನ್ನೋದು ಲೆಕ್ಕ. ಮೊದಲು ಮಾಮಾ ಓಣಿಗೊಂದು ಸಾರ್ವಜನಿಕ ನಳ ನೋಡಿಕೊಂಡರೆ ಆಗುತ್ತಿತ್ತು. ಈಗ ಪ್ರತಿ ಮನೆಯವರೂ ಅವನಿಗೆ ಫೋನ್ ಮಾಡುತ್ತಾರೆ. ನಳ ಜಾಸ್ತಿ ಆದವು, ಬಿಡುವವರು ಕಡಿಮೆ ಆಗುತ್ತಿದ್ದಾರೆ. ಈ ಲೆಕ್ಕ ಮಾಡಿದವರು ಯಾರೋ.

ನಾನು ಹೋದಾಗ ಕಟ್ಟೆಯ ಮೇಲೆ ಪಂಚಾಯ್ತಿ ನೌಕರರ ಸಂಘದ ತಾಲ್ಲೂಕು ಕಾರ್ಯದರ್ಶಿ ಕೂತಿದ್ದ. ಇನ್ನೂ ಸಣ್ಣ ಹುಡುಗ, ಬೇರೆ ಪಂಚಾಯ್ತಿಯಲ್ಲಿ ಡಾಟಾ ಎಂಟ್ರಿ ಮಾಡುತ್ತಾನೆ. ಜುಲೈ 9ರ ದೇಶವ್ಯಾಪಿ ಮುಷ್ಕರದ ಕರಪತ್ರ ತಂದಿದ್ದ. ಮೇ 20ಕ್ಕೆ ಆಗಬೇಕಿತ್ತಲ್ಲ, ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳ ವಿರುದ್ಧ ಅಂತ, ಪಾಕಿಸ್ತಾನ ಗಡಿಯ ಗದ್ದಲದಲ್ಲಿ ಮುಂದಕ್ಕೆ ಹೋಯಿತಲ್ಲ, ಅದೇ. "ಅದು ದೇಶದ್ದಾತು ಬಿಡ್ರಿ ಅಕ್ಕಾರ, ಮೊದಲ ಈ ಠರಾವಿಂದು ನೋಡೂಣು" ಅಂದ. ಸೋಮವಾರ ತಾಲ್ಲೂಕು ಪಂಚಾಯ್ತಿ ಮುಂದೆ ಧರಣಿ ಅಂತೆ. ಅದಕ್ಕೂ ಬಗ್ಗದಿದ್ದರೆ ಏನು ಅನ್ನೋದು ಮಾತು.

"ಕಾಕಾ, 2022ರ ಜುಲೈದಾಗ ಪೌರಕಾರ್ಮಿಕರು ನಾಕ ದಿನ ಕಸಬರಗಿ ಕೆಳಗಿಟ್ರು. ಸರ್ಕಾರ ತಾನ ಮಾತಿಗೆ ಬಂತು. ನಾವು ಅರ್ಜಿ ಕೊಟ್ಟ ಕೊಟ್ಟ ಸಾಕಾತು. ಒಂದ ದಿನ ಮೋಟರ್ ಬಂದ್ ಇಡೂಣು, ಏನಾಕ್ಕತಿ ನೋಡೂಣು."

ಅವನು ಹೇಳಿದ್ದು ಸುಳ್ಳಲ್ಲ. ಆಗ ನಮ್ಮ ಪಕ್ಕದ ಶಿಗ್ಗಾವಿಯ ಬೊಮ್ಮಾಯಿಯವರೇ ಮುಖ್ಯಮಂತ್ರಿ. ಅದೇ ಸೆಪ್ಟೆಂಬರಿನಲ್ಲಿ ಸಂಪುಟ 11,133 ಪೌರಕಾರ್ಮಿಕರನ್ನು ಕಾಯಂ ಮಾಡಲು ಒಪ್ಪಿತು. ಆದರೆ ಅದೂ ಪೂರ್ತಿ ಗೆಲುವಲ್ಲ. ಗುಡಿಸುವವರಿಗೆ ದಾರಿಯಾಯಿತು. ಕಸದ ಗಾಡಿ ಓಡಿಸುವವರು, ಲೋಡರ್‌ಗಳು ಗುತ್ತಿಗೆಯಲ್ಲೇ ಉಳಿದರು. ಒಂದೇ ಗಾಡಿಯ ಹಿಂದೆ ನಡೆಯುವ ಇಬ್ಬರಿಗೆ ಎರಡು ನಮೂನೆಯ ಸಂಬಳ.

ಮಾಮಾ ಬಸಿಯಲ್ಲಿ ಚಹಾ ಸುರುವಿಕೊಂಡು ಕೂತಿದ್ದ. ಕುಡಿಯಲಿಲ್ಲ.

"ನೀರು ಬಂದ್ ಮಾಡೋದು ಹೆಂಗಪಾ?"

"ಯಾಕ್ರಿ, ಸ್ಟಾರ್ಟರ್ ಒತ್ತಬ್ಯಾಡ್ರಿ, ಆತು."

"ಹಂಗಲ್ಲೋ. ಠರಾವಿಗೆ ಕೈ ಎತ್ತಿದವರ ಮನ್ಯಾಗ ಬೋರ್ ಅದಾವು. ನೀರು ನಿಂತದ್ದು ಅವರಿಗೆ ಗೊತ್ತ ಆಗಂಗಿಲ್ಲ. ಕೊಡ ಹಿಡಕೊಂಡು ನಿಲ್ಲೋರು ಹಿಂದಿನ ಓಣಿಯವರು. ಅವರೇನ್ ಮಾಡ್ಯಾರ ನನಗ?"

ಒಳಗಿನಿಂದ ಅತ್ತಿ, "ಹಂಗಾರ ಮೆಂಬರ್ರ ಓಣಿ ವಾಲ್ ಅಷ್ಟ ಬಂದ್ ಮಾಡ್ರಿ" ಅಂದಳು. ಎಲ್ಲರೂ ನಕ್ಕೆವು. ಮಾಮಾ ಮಾತ್ರ ನಿಜವಾಗಿ ಯೋಚನೆ ಮಾಡಿದ. "ಆ ಲೈನಿನಾಗೂ ನಾಕ ಮನಿ ಬಡವರವು ಅದಾವ" ಅಂದ.

ಹುಡುಗ ಬಿಡಲಿಲ್ಲ. ನರಗುಂದದ ಮಂದಿಗೆ ಹೋರಾಟ ನಾವು ಕಲಿಸಬೇಕೇನು ಅಂದ. ಅದು ಮಾಮಾನಿಗೆ ಸ್ವಲ್ಪ ತಾಗಿತು. 1980ರಲ್ಲಿ ಅವನಿಗೆ ಹದಿನೈದು. ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರ ಕೊಡುವುದಿಲ್ಲ ಅಂತ ರೈತರು ಎದ್ದದ್ದು, ಜುಲೈ 21ರ ಗೋಲಿಬಾರು, ಆಮೇಲೆ ವಾರಗಟ್ಟಲೆ ಪೊಲೀಸರ ಭಯಕ್ಕೆ ಗಂಡಸರು ಹೊಲದಲ್ಲೇ ಮಲಗಿದ್ದು, ಇವನ್ನೆಲ್ಲ ನಾವು ಸಣ್ಣವರಿದ್ದಾಗ ಅವನ ಬಾಯಿಂದಲೇ ಕೇಳಿದ್ದು. ಇವತ್ತು ಅದನ್ನು ಬೇರೆ ಥರ ಹೇಳಿದ.

"ಅವರು ಕೊಡೂದಿಲ್ಲ ಅಂದ್ರು. ಸರ್ಕಾರಕ್ಕ ರೊಕ್ಕ ಕೊಡೂದಿಲ್ಲ ಅಂದ್ರ ಸರ್ಕಾರಕ್ಕ ತ್ರಾಸು. ನಾ ಬಿಡೂದಿಲ್ಲ ಅನ್ನಬೇಕು. ಅದೂ ನೀರು. ಬಿಡೂದಿಲ್ಲ ಅಂದ್ರ ತ್ರಾಸು ಯಾರಿಗೆ?"

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ. ಬಸ್ಸಿನಲ್ಲಿ ಬರುವಾಗ ಅದೇ ತಲೆಯಲ್ಲಿ ಓಡುತ್ತಿತ್ತು. ಕಸ ಬಿದ್ದರೆ ಸಾಹುಕಾರನ ಮೂಗಿಗೂ ವಾಸನೆ ಹೋಗುತ್ತದೆ. ನೀರು ನಿಂತರೆ ಹಾಗಲ್ಲ. ಅನುಕೂಲ ಇದ್ದವರು ಆಗಲೇ ಪಂಚಾಯ್ತಿ ನೀರಿನಿಂದ ಹೊರಗೆ ಹೋಗಿಬಿಟ್ಟಿದ್ದಾರೆ. ಬೋರು, ಮೇಲೆ ಸಿಂಟೆಕ್ಸ್, ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನು. ಪಂಚಾಯ್ತಿ ನೀರನ್ನೇ ನಂಬಿದವರು ಠರಾವು ಮಾಡುವ ಕೋಣೆಯಲ್ಲಿ ಇರುವುದಿಲ್ಲ. ನೀರಗಂಟಿಯ ಮುಷ್ಕರ ಅವರಿಗೇ ಹೊಡೆಯುತ್ತದೆ, ಹುದ್ದೆ ಹೋದರೂ ಅವರಿಗೇ ಹೊಡೆಯುತ್ತದೆ. ಹಾಗಂತ ಸುಮ್ನೆ ಇದ್ದರೆ ಅದೂ ಅವರಿಗೇ.

ಮಾಮಾ ನಿಜವಾಗಿ ಹೆದರಿದ್ದು ಬ್ಲೀಚಿಂಗ್ ಪೌಡರ್ ವಿಷಯಕ್ಕೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ, 50 ಸಾವಿರದ ಟ್ಯಾಂಕಿಗೆ 125 ಗ್ರಾಂ. ಬಕೆಟ್‌ನಲ್ಲಿ ಕದಡಿ, ತಳ ಕೂತ ಮೇಲೆ ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಹಾಕಬೇಕು. ಆಮೇಲೆ ಅರ್ಧ ತಾಸು ಬಿಟ್ಟು ವಾಲ್ ತೆಗೆಯಬೇಕು. ಎರಡು ಟ್ಯಾಂಕು, ಎರಡು ಕಡೆಯ ವಾಲು, ಒಬ್ಬನೇ ಮನುಷ್ಯ ಅಂದರೆ ಆ ಅರ್ಧ ತಾಸೇ ಮೊದಲು ಬಿಟ್ಟುಹೋಗುವುದು. ಆಮೇಲೆ ಬ್ಲೀಚಿಂಗೇ ಬಿಟ್ಟುಹೋಗುತ್ತದೆ. ಮಳೆಗಾಲದಲ್ಲಿ ಒಡೆದ ಪೈಪಿಗೆ ಗಟಾರದ ನೀರು ಸೇರಿದರೆ ಏನಾಗುತ್ತದೆ ಅನ್ನೋದು ಯಾರಿಗೆ ಗೊತ್ತಿಲ್ಲ? "ಮಿಸ್ತ್ರಿ ಬಂದು ಮೋಟರ್ ಕಟ್ಟಿ ಹೊಕ್ಕಾನ. ಬ್ಲೀಚಿಂಗ್ ಅವನ ಬಿಲ್ಲಿನಾಗ ಬರಂಗಿಲ್ಲ" ಅಂದ. ಧರಣಿಯಲ್ಲಿ ಹೇಳಬೇಕಾದ್ದು ಇದನ್ನೇ ಅಲ್ವಾ? ಕರಪತ್ರದಲ್ಲಿ ಇದೊಂದು ಸಾಲೂ ಇರಲಿಲ್ಲ. "ಹೋರಾಟದ ಕಿಚ್ಚು" ಅಂತ ದಪ್ಪ ಅಕ್ಷರದಲ್ಲಿ ಇತ್ತು.

ಬಸ್ ಸ್ಟಾಪಿನವರೆಗೆ ಮಾಮಾ ಬಂದ. ಅಲ್ಲಿ ಇನ್ನೊಂದು ಮಾತು ಬಂತು. ಮೊಣಕಾಲು ಹಿಡಿದಾಗಿನಿಂದ ಟ್ಯಾಂಕ್ ಹತ್ತುವುದು, ವಾಲ್ ತಿರುಗಿಸುವುದು ಎಲ್ಲ ಅವನ ಮಗನೇ ಮಾಡುತ್ತಿದ್ದಾನೆ. ಪುಕ್ಕಟೆ. ಹುದ್ದೆ ಉಳಿದರೆ ಅವನಿಗೆ ಸಿಗಬಹುದು ಅನ್ನೋ ಆಸೆ. "ಅಳಿಯಂದಿರಿಗೆ ಒಂದ ಮಾತು ಹೇಳಿರು ಯವ್ವಾ" ಅಂದ. ನನಗೆ ಒಂದು ಕ್ಷಣ ಕಸಿವಿಸಿ ಆಯಿತು. ಊರಿನ ನೀರಿನ ಮಾತು ಇಷ್ಟು ಹೊತ್ತು ಆಡಿದ್ದು ಇದಕ್ಕಾ ಅನ್ನಿಸಿತು. ಆದರೆ ಯಾಕೆ ಇರಬಾರದು? ಎರಡೂ ನಿಜ ಇರಬಹುದು. ಬ್ಯಾಂಕಿನ ಖಾಯಂ ಕೆಲಸದಲ್ಲಿ ಕೂತು ನಾನು ಇದನ್ನು ಅಳೆಯುವುದು ಸರಿಯಲ್ಲ.

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಇವರು ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ. ಮಾಮಾನ ತಾಲ್ಲೂಕಲ್ಲ, ಆದರೂ ಠರಾವಿನ ಮಾತು ಬಂದ ಕೂಡಲೇ ಪಿಡಿಒ ಆಗಿಬಿಟ್ಟರು.

"ರೊಕ್ಕ ಎಲ್ಲೈತಿ? 15ನೇ ಹಣಕಾಸು ಆಯೋಗದ ಅನುದಾನದಾಗ ನೂರಕ್ಕ 60 ನೀರು, ನೈರ್ಮಲ್ಯಕ್ಕ ಅಂತ ಕಟ್ಟಿ ಕೊಟ್ಟಿರ್ತಾರ. ಉಳಿದ 40 ಊರಿಗೆ ಬೇಕಾದ್ದಕ್ಕ ಹಾಕಬಹುದು, ಪಗಾರಕ್ಕ ಮಾತ್ರ ಮುಟ್ಟಂಗಿಲ್ಲ. ಪಗಾರಿಗೆ ಮನಿ ಕರ ಬರಬೇಕು. ಕರ ಯಾರು ಕೊಡ್ತಾರ?"

"ಅಂದ್ರ ಪೈಪಿಗೆ ರೊಕ್ಕ ಐತಿ, ಪೈಪಿನಾಗ ನೀರು ಬಿಡೋ ಮನುಷ್ಯಾಗ ಇಲ್ಲ."

"ನಾ ಬರದ ನಿಯಮ ಅಲ್ಲ ಅದು."

ನಿಜ, ಇವರು ಬರೆದದ್ದಲ್ಲ. ಆದರೆ ಹೋದ ಅಕ್ಟೋಬರಿನಲ್ಲಿ ಇವರೇ ಫ್ರೀಡಂ ಪಾರ್ಕಿನಲ್ಲಿ ಕೂತು ಬಂದವರು. ಪಿಡಿಒ ಹುದ್ದೆ ಗ್ರೂಪ್ ಬಿ ಆಗಬೇಕು ಅಂತ. ನೀರಗಂಟಿ, ಜವಾನ, ಬಿಲ್ ಕಲೆಕ್ಟರ್ ಎಲ್ಲರೂ ಆಗ ಇವರ ಜೊತೆ ಇದ್ದರು. ಅದನ್ನು ನೆನಪಿಸಿದೆ. ಆಗ ಉತಾರಕ್ಕೆ ಬಂದವರು ವಾಪಸ್ ಹೋಗಲಿಲ್ಲವಾ ಅಂತಲೂ ಕೇಳಿದೆ.

"ಕಾಗದಾ ನಿಂತ್ರ ಯಾರೂ ಸಾಯಂಗಿಲ್ಲ. ನಿಮ್ಮ ಮಾಮಾಗ ಹೇಳು, ನೀರು ಮಾತ್ರ ಬಂದ್ ಮಾಡಬ್ಯಾಡ ಅಂತ."

ಮಾಮಾ ಹೇಳಿದ್ದೂ ಅದನ್ನೇ ಅಂತ ನಾನು ಹೇಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿದೆ. ಕೆಂಪು ಚಟ್ನಿಗೆ ಉಪ್ಪು ಜಾಸ್ತಿ ಅಂದರು. ಇರಲಿಲ್ಲ.

ಈಗ ಇದು ಬರೆಯುತ್ತಿರುವ ಕಾರಣ ಬೇರೆ. ಹುಡುಗ ಹೊರಡುವಾಗ ನನ್ನ ಕಡೆ ಒಂದು ಕೆಲಸ ಹಚ್ಚಿದ್ದಾನೆ. ಠರಾವನ್ನು ತಡೆಹಿಡಿಯಿರಿ ಅಂತ ಮೇಲಿನವರಿಗೆ ಒಂದು ಮನವಿ ಬೇಕಂತೆ. ಕಲಮು, ನಿಯಮ ಎಲ್ಲ ಸರಿಯಾಗಿ ಹಾಕಿ. "ನಮ್ಮ ಅರ್ಜಿ ಓದದ ಬಾಜೂಕ ಇಡ್ತಾರ ಅಕ್ಕಾರ. ಸಾಹೇಬ್ರು ಬರದ್ರ ಹಂಗ ಇಡಾಕ ಬರಂಗಿಲ್ಲ" ಅಂದ. ಇವರ ಕೈ ಅದರಲ್ಲಿ ಪಳಗಿದ್ದು. ಸಿಟ್ಟು ಬಂದರೂ ಎರಡು ಪುಟ ಸೊಗಸಾಗಿ ಬರೆಯುತ್ತಾರೆ. ಬ್ಲೀಚಿಂಗ್ ವಿಷಯ ಹೇಳಿದರೆ ಖಂಡಿತ ಬರೆಯುತ್ತಾರೆ, ಅದು ಇವರಿಗೂ ನಿದ್ದೆ ಕೆಡಿಸುವ ವಿಷಯ. ಮಾಮಾನ ಮಗನ ವಿಷಯ ಹೇಳಿದರೆ ಪೆನ್ನು ಮುಟ್ಟುವುದಿಲ್ಲ.

ಅದಲ್ಲದೆ ಇವರ ಪಂಚಾಯ್ತಿಯಲ್ಲೂ ಬರುವ ವರ್ಷ ಒಬ್ಬ ನೀರಗಂಟಿಗೆ ಅರವತ್ತು ಆಗುತ್ತದೆ. ಆಗ ಇದೇ ಮನವಿ, ಹೆಸರು ಬದಲಾಗಿ, ಇವರ ಟೇಬಲ್ಲಿಗೇ ಬರುತ್ತದೆ. ಅದನ್ನು ಮೊದಲೇ ಹೇಳಿ ಬರೆಸಬೇಕಾ, ಹೇಳದೆ ಬರೆಸಬೇಕಾ? ನಾಳೆ ಭಾನುವಾರ, ಬೆಳಿಗ್ಗೆ ಮನೆಯಲ್ಲೇ ಇರುತ್ತಾರೆ. ಚಹಾ ಆದ ಮೇಲೆ, ಪೇಪರ್ ಬರುವುದಕ್ಕೆ ಮೊದಲು ಕೇಳಿದರೆ