ಬೆಕ್ಕಿನ ಊಟ, ಪಟ್ಟಿಪಟ್ಟಿ ಟೂತ್‌ಪೇಸ್ಟು ಮತ್ತ ನಮ್ಮ ಅಪ್ಲೈಡ್ ಆರ್ಟ್ ಕ್ಲಾಸು

ನಾ ಧಾರವಾಡಕ್ಕ ಬಂದು ಅಪ್ಲೈಡ್ ಆರ್ಟ್, ಅಂದ್ರ ಜಾಹೀರಾತು, ಪೋಸ್ಟರ್ ಡಿಸೈನ್ ಕಲಿಸೂ ಕೋರ್ಸ್, ಸೇರಿದಾಗ ಮನ್ಯಾಗ ಎಲ್ಲಾರೂ ತಿಳ್ಕೊಂಡಿದ್ದು ಹುಡುಗ ಬೋರ್ಡ್ ಬರಿಯೂದು ಕಲೀತಾನ ಅಂತ, ನನಗೂ ಹಂಗ ಅನಿಸಿತ್ತು ಬಿಡ್ರಿ. ಮೊದಲ ವರ್ಷ ಪೂರಾ ಲೆಟರಿಂಗ್, ಟಿ ಸ್ಕ್ವೇರ್, ಪೋಸ್ಟರ್ ಕಲರ್ ಇದರಾಗ ಹೋತು.

ಆಮ್ಯಾಲೆ ಸರ್ ಒಂದಿನ ಜಾನ್ ಹಾರ್ಟ್‌ಫೀಲ್ಡ್ ಅನ್ನೋ ಕಲಾವಿದನ ಒಂದು ಫೋಟೊಮಾಂಟಾಜ್, ಅಂದ್ರ ಬ್ಯಾರೆ ಬ್ಯಾರೆ ಫೋಟೊ ಕತ್ತರಿಸಿ ಜೋಡಿಸಿದ ಚಿತ್ರ, ತೋರಿಸಿದ್ರು. 1932ರದ್ದು, ಜರ್ಮನಿಯ ಎ.ಐ.ಝಡ್ ಅನ್ನೋ ವಾರಪತ್ರಿಕೆಗೆ ಮಾಡಿದ್ದು. ಹಿಟ್ಲರ್ ಬಾಯಿ ತಗದು ಭಾಷಣ ಹೊಡ್ಯಾಕತ್ತಾನ, ಎದಿ ಮಾತ್ರ ಎಕ್ಸ್‌ರೇ, ಗಂಟಲಿಂದ ಹೊಟ್ಟಿತನಕ ಬೆನ್ನೆಲುಬಿನ ಜಾಗಾದಾಗ ನಾಣ್ಯದ ಸಾಲು. ಬಂಗಾರ ನುಂಗ್ತಾನ, ತಗಡು ಮಾತಾಡ್ತಾನ ಅಂತ ಕೆಳಗ ಬರದೈತಿ; ಜರ್ಮನ್‌ದಾಗ ತಗಡು ಮಾತಾಡೂದಂದ್ರ ಅರ್ಥಿಲ್ಲದ್ದು ಮಾತಾಡೂದು. ಹಾರ್ಟ್‌ಫೀಲ್ಡ್ ಜರ್ಮನ್ನನ, ಖರೇ ಹೆಸರು ಹೆಲ್ಮುಟ್ ಹೆರ್ಜ್‌ಫೆಲ್ಡ್, ಮೊದಲ ಮಹಾಯುದ್ಧದಾಗ ತನ್ನ ದೇಶದವ್ರು ಇಂಗ್ಲಿಷರ ಮ್ಯಾಲೆ ದ್ವೇಷ ಹಬ್ಬಸ್ತಾರ ಅಂತ ಸಿಟ್ಟಿಗೆದ್ದು ಹೆಸರನ್ನ ಇಂಗ್ಲಿಷ್ ಮಾಡ್ಕೊಂಡಂವಾ, ಅದೂ ಯುದ್ಧ ನಡದಿರೂ ಹೊತ್ತಿನ್ಯಾಗ! ಕತ್ತರಿ, ಅಂಟು, ಹಳೇ ಪೇಪರು, ಇಷ್ಟರಾಗ ಇಂಥಾದ್ದು ಮಾಡಬಹುದು ಅಂತ ನಮಗ ಗೊತ್ತ ಇರ್ಲಿಲ್ಲ. ರಷ್ಯಾದ ಕಲಾವಿದ ರಾಡ್‌ಚೆಂಕೊ, ಜರ್ಮನಿಯ ಡಿಸೈನ್ ಶಾಲಿ ಬೌಹೌಸ್ ಎಲ್ಲಾ ಪರೀಕ್ಷಾಕ್ಕ ಓದಿದ್ವಿ, ಮರತೂ ಬಿಟ್ವಿ.

ಕೆನ್ ಗಾರ್ಲೆಂಡ್ ಅನ್ನೋ ಬ್ರಿಟಿಷ್ ಡಿಸೈನರ್ 1964ರಾಗ ಪ್ರಿಂಟ್ ಮಾಡಿ ಹಂಚಿದ ಪ್ರಣಾಳಿಕೆ ಮಾತ್ರ ಮರ್ತಿಲ್ಲ. ನಮ್ಮ ಬುದ್ಧಿ, ಕೈಚಳಕ ಎಲ್ಲಾ ಬೆಕ್ಕಿನ ಊಟ, ಹೊಟ್ಟಿ ಪುಡಿ, ಪಟ್ಟಿಪಟ್ಟಿ ಟೂತ್‌ಪೇಸ್ಟ್ ಮಾರೂದರಾಗ ಹೊಂಟೈತಿ ಅಂತ ಅದರಾಗ ಒಂದು ಪಟ್ಟಿನ ಐತಿ, ಸರ್ ಓದಿದಾಗ ಇಡೀ ಕ್ಲಾಸ್ ನಕ್ಕಿತು. ಹಿಂದಿನ ಬೆಂಚಿನಂವಾ ಎದ್ದು "ಸರ್, ಅದನ್ನ ಬಿಟ್ರ ನಮಗ ಪಗಾರ ಯಾರ ಕೊಡ್ತಾರ್ರಿ?" ಅಂದ. "ಅಲ್ಲೋ ತಮ್ಮಾ, ಜಾಹೀರಾತು ಬಂದ್ ಮಾಡೂದು ಆಗೂ ಮಾತಲ್ಲ ಅಂತ ಅಂವನ ಬರದಾನ, ರಸ್ತೆ ಬೋರ್ಡು, ಪುಸ್ತಕ ಇಂಥಾದ್ದಕ್ಕೂ ಜರಾ ತಲಿ ಓಡಸ್ರಿ ಅಂತಾನ ಅಷ್ಟ" ಅಂದ್ರು ಸರ್.

ಬೆನೆಟನ್ ಅನ್ನೋ ಇಟಲಿಯ ಬಟ್ಟಿ ಕಂಪನಿ ಬಗ್ಗೆ ಮಾತ್ರ ನಮಗೂ ಸರ್‌ಗೂ ಜಗಳಾನ. 1992ರಾಗ ಆ ಕಂಪನಿ ಜಾಹೀರಾತು ಮಾಡ್ತಿದ್ದ ಫೋಟೊಗ್ರಾಫರ್ ಟೊಸ್ಕಾನಿ, ಏಡ್ಸ್‌ನಿಂದ ಸಾಯಾಕತ್ತಿದ್ದ ಡೇವಿಡ್ ಕರ್ಬಿಯ ಫೋಟೊಕ್ಕ ಬಣ್ಣ ಹಚ್ಚಿಸಿ, ಮೂಲ್ಯಾಗ ಕಂಪನಿ ಲೋಗೊ ಇಟ್ಟು ಜಾಹೀರಾತು ಮಾಡಿದ. ಮನಿಯವರು ಒಪ್ಪಿಗಿ ಕೊಟ್ಟಿದ್ರು, ರೋಗದ ಬಗ್ಗೆ ಜನ ಮಾತಾಡಿದ್ರು, ಎಲ್ಲಾ ಖರೇ, ಆದ್ರ ಆ ಲೋಗೊ ಸ್ವೆಟರ್ ಮಾರೂದಕ್ಕ ಅಲ್ಲೇನ್ರಿ? ಸರ್‌ಗ ಅದು ಧೈರ್ಯ ಅನಸ್ತಿತ್ತು. ನನಗ ಇವತ್ತಿಗೂ ಅನಸೂದಿಲ್ಲ.

ಕಡೀ ವರ್ಷ ನಮ್ಮ ಊರಿನ ಜಾಹೀರಾತನ್ನ ತಿರುಗಿಸಿ ಪೋಸ್ಟರ್ ಮಾಡ್ರಿ ಅಂದ್ರು. ಧಾರವಾಡದಾಗ ಕೋಚಿಂಗ್ ಕ್ಲಾಸಿನ ಬ್ಯಾನರ್‌ಗೆ ಏನ್ ಬರ! ಹಂಗಾಗಿ ನಾವು ಮೂರು ಮಂದಿ ಅದನ್ನ ಹಿಡದ್ವಿ: ಅದ ಹಳದಿ ಗ್ರೌಂಡು, ಅದ ಕೆಂಪು ಅಕ್ಷರ, ಫೋಟೊ ಹಾಕೂ ಚೌಕ ಸಾಲುಸಾಲು, ಒಂದರಾಗ ಮಾತ್ರ ನಗು ಮಾರಿ, ಉಳಿದಾವು ಖಾಲಿ, ಕೆಳಗ ಬರೇ ರಿಜಿಸ್ಟರ್ ನಂಬರು. ನೋಟಿಸ್ ಬೋರ್ಡಿಗೆ ಹಚ್ಚಿದ್ವಿ. ಪಿಯೂನ್ ಕಾಕಾ ಭಾಳ ಹೊತ್ತು ನಿಂತು ನೋಡಿ, "ಇದರದು ಫೀ ಎಷ್ಟಪಾ? ನಮ್ಮ ಹುಡುಗಿಗೆ ಹಚ್ಚಬೇಕಂತೀನಿ" ಅಂದ್ರು. ಸರ್ ನಕ್ಕೊಂತ ಮಾರ್ಕ್ಸ್ ಶೀಟಿನ್ಯಾಗ ಏನೋ ಬರಕೊಂಡ್ರು, ಏನಂತ ಹೇಳ್ಲಿಲ್ಲ.

ಆ ಪೋಸ್ಟರ್ ನಮ್ಮ ಬ್ಯಾಚಿನವ್ರ ಯಾರ ಮನ್ಯಾಗರ ಇದ್ರ ಒಂದು ಫೋಟೊ ಹೊಡದು ಕಳಸ್ರಿ. ನನ್ನ ಆಫೀಸಿಗೆ ಈ ವಾರ ಮತ್ತ ಒಂದು ಕೋಚಿಂಗ್ ಬ್ಯಾನರ್ ಕೆಲಸ ಬಂದೈತಿ.