ಡಾನ್‌ಫೇರ್‌ನಿಂದ ಸುರೆನ್ ಗುಡ್ಡದವರೆಗೆ: ಪ್ಯಾರಿಸ್ಸಿನ ಗುಪ್ತ ಹೋರಾಟಗಾರರ ಜಾಡಿನಲ್ಲಿ

ಡಾನ್‌ಫೇರ್-ರೋಶ್ರೋ ಮೆಟ್ರೋ ನಿಲ್ದಾಣದಿಂದ ಮೇಲೆ ಬಂದರೆ ಚೌಕದ ಎರಡು ಬದಿಗಳಲ್ಲಿ ಅವಳಿ ಕಟ್ಟಡಗಳು ಕಾಣುತ್ತವೆ. ಒಂದರ ಮುಂದೆ ಉದ್ದನೆಯ ಸಾಲು ಇರುತ್ತದೆ. ಅದು ಕ್ಯಾಟಕೋಂಬ್‌ನ ಮೂಳೆರಾಶಿ ನೋಡಲು ಬಂದವರದು, ಅಲ್ಲಿ ನಿಲ್ಲಬೇಡಿ. ಎದುರಿನದು ಪ್ಯಾರಿಸ್ ವಿಮೋಚನೆಯ ಮ್ಯೂಸಿಯಂ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಹಿಡಿತದಿಂದ ನಗರ ಬಿಡುಗಡೆಯಾಗಿ 75 ವರ್ಷ ತುಂಬಿದ 2019ರ ಆಗಸ್ಟ್ 25ರಂದು ಇದು ಇಲ್ಲಿ ತೆರೆಯಿತು. ಸೋಮವಾರ ರಜೆ. ಕಾಯಂ ಪ್ರದರ್ಶನಕ್ಕೆ ಶುಲ್ಕವಿಲ್ಲ, ಆದರೆ ನೆಲದಡಿಯ ಕಮಾಂಡ್ ಪೋಸ್ಟ್‌ಗೆ ಇಳಿಯಲು ಹೊತ್ತು ಗೊತ್ತುಪಡಿಸಿ ಮೊದಲೇ ಕಾದಿರಿಸಬೇಕು. ಅದನ್ನು ಮರೆತು ಬಂದವರು ಮೇಲಿನ ಕೋಣೆಗಳನ್ನಷ್ಟೇ ನೋಡಿ ಹಿಂತಿರುಗುತ್ತಾರೆ. ಈ ಜಾಗದ ಜೀವವಿರುವುದೋ ಕೆಳಗೆ.

ಮೇಲಿನ ಕೋಣೆಗಳ ನಾಯಕ ಜಾನ್ ಮೂಲಾಂ. 1940ರ ಜೂನ್ 17ರಂದು ಆತ ಶಾರ್ತ್ರ್‌ನಲ್ಲಿ ಜಿಲ್ಲಾಡಳಿತದ ಮುಖ್ಯಸ್ಥ. ಫ್ರೆಂಚ್ ಸೇನೆಯ ಆಫ್ರಿಕನ್ ಸೈನಿಕರ ಮೇಲೆ ಸುಳ್ಳು ಅಪರಾಧ ಹೊರಿಸುವ ಕಾಗದಕ್ಕೆ ಸಹಿ ಹಾಕೆಂದು ಜರ್ಮನರು ಹೊಡೆದರು. ಆತ ಒಡೆದ ಗಾಜಿನಿಂದ ತನ್ನ ಗಂಟಲು ಕೊಯ್ದುಕೊಂಡ, ಸಹಿ ಹಾಕಲಿಲ್ಲ, ಬದುಕುಳಿದ. ಟೋಪಿ, ಕುತ್ತಿಗೆವಸ್ತ್ರ ತೊಟ್ಟ ಆತನ ಪ್ರಸಿದ್ಧ ಚಿತ್ರ ಎಲ್ಲೆಡೆ ಕಾಣುತ್ತದೆ. ಆ ವಸ್ತ್ರ ಗಾಯದ ಕಲೆ ಮುಚ್ಚಲೆಂದೇ ಇತ್ತು ಎಂದು ಹೇಳುವವರು ಇಂದಿಗೂ ಇದ್ದಾರೆ. ಚಿತ್ರ ತೆಗೆದದ್ದು ಗಾಯವಾಗುವುದಕ್ಕೂ ಮೊದಲಿನ ಚಳಿಗಾಲದಲ್ಲಿ, ಮೋಂಪೆಲಿಯೆ ಊರಿನಲ್ಲಿ. ಜರ್ಮನರ ವಿರುದ್ಧ ಗುಟ್ಟಾಗಿ ಹೋರಾಡುತ್ತ ಚದುರಿದ್ದ ಗುಂಪುಗಳನ್ನೆಲ್ಲ ಒಂದೇ ಮಂಡಳಿಯಡಿ ಕೂರಿಸಿದ ಮೊದಲ ಸಭೆಯನ್ನು ಮೂಲಾಂ 1943ರ ಮೇ 27ರಂದು ಪ್ಯಾರಿಸ್ಸಿನ ರ್‍ಯೂ ದ್ಯು ಫೂರ್ ಬೀದಿಯ 48ನೇ ಮನೆಯಲ್ಲಿ ನಡೆಸಿದ. ತಿಂಗಳು ತುಂಬುವ ಮೊದಲೇ, ಜೂನ್ 21ರಂದು, ಲಿಯೋಂ ಪಕ್ಕದ ಕಾಲ್ವೀರ್‌ನಲ್ಲಿ ಸೆರೆಸಿಕ್ಕ.

ಈಗ ನೂರು ಮೆಟ್ಟಿಲು ಇಳಿಯಬೇಕು, ಅಷ್ಟನ್ನೇ ಮತ್ತೆ ಹತ್ತಬೇಕು. ಮಂಡಿನೋವಿನವರು ಮೊದಲೇ ಯೋಚಿಸಿ ಹೊರಡಲಿ. ಕೆಳಗೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ತೆಳು ಸ್ವೆಟರ್ ಸಾಕು. ಇಪ್ಪತ್ತು ಮೀಟರ್ ಆಳದ ಈ ಆಶ್ರಯವನ್ನು ಕಟ್ಟಿದ್ದು ಯುದ್ಧದ ಮುನ್ನಾ ವರ್ಷಗಳಲ್ಲಿ, ಬಾಂಬು ಮತ್ತು ವಿಷಾನಿಲಕ್ಕೆ ಹೆದರಿ. ಅನಿಲ ನುಸುಳದಂತೆ ಬಿಗಿಯಾಗಿ ಮುಚ್ಚುವ ಬಾಗಿಲುಗಳಿವೆ. ವಿದ್ಯುತ್ ಹೋದರೆ ಗಾಳಿ ಆಡಿಸಲು ಸೈಕಲ್ ಪೆಡಲ್ ತುಳಿಯುವ ಯಂತ್ರವಿದೆ. 1944ರ ಆಗಸ್ಟ್ 20ರಂದು ಪ್ಯಾರಿಸ್ ಬಂಡಾಯದ ಸೇನಾನಿ ಕರ್ನಲ್ ರೋಲ್ ಇಲ್ಲಿ ಠಾಣ್ಯ ಹೂಡಿದಾಗ ಅವನಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ದೂರವಾಣಿ. ಜರ್ಮನರು ಕದ್ದು ಕೇಳುತ್ತಿದ್ದ ಊರಿನ ಜಾಲಕ್ಕೆ ಸೇರದ ಪ್ರತ್ಯೇಕ ತಂತಿಗಳು ಇಲ್ಲಿದ್ದವು. ಮೇಲೆ ಬ್ಯಾರಿಕೇಡ್‌ಗಳು ಏಳುತ್ತಿದ್ದಾಗ ಆದೇಶಗಳು ಇಲ್ಲಿಂದ ಹೊರಟವು.

ಅವನ ನಿಜ ಹೆಸರು ಹೆನ್ರಿ ತಾಂಗಿ. ಸ್ಪೇನಿನ ಅಂತರ್ಯುದ್ಧದಲ್ಲಿ ಸತ್ತ ಗೆಳೆಯನೊಬ್ಬನ ಹೆಸರು ರೋಲ್, ಅದನ್ನೇ ಈತ ಗುಪ್ತನಾಮವಾಗಿ ಹೊತ್ತ. ಹೆಂಡತಿ ಸೆಸಿಲ್ ಬೆರಳಚ್ಚುಗಾರ್ತಿ. ಪ್ಯಾರಿಸ್ ಜನ ಬಂಡೇಳಲು ಕರೆಕೊಟ್ಟ ಕರಪತ್ರ ಬೆರಳಚ್ಚಾದದ್ದು ಆಕೆಯ ಕೈಯಲ್ಲೇ. ಅದಕ್ಕೂ ಮೊದಲ ವರ್ಷಗಳಲ್ಲಿ ಮಗುವಿನ ತಳ್ಳುಗಾಡಿಯಡಿ ಕಾಗದಪತ್ರ, ಆಯುಧ ಸಾಗಿಸಿದ್ದಳು. ಹೋರಾಟಗಾರರಿಗೆ ಸಂದ ಉನ್ನತ ಗೌರವವಾದ ‘ವಿಮೋಚನೆಯ ಸಂಗಾತಿ’ ಬಿರುದು ಪಡೆದ 1038 ಮಂದಿಯಲ್ಲಿ ಹೆಂಗಸರು ಆರೇ ಜನ. ಗುಪ್ತ ಹೋರಾಟದ ದಿನಗಳಲ್ಲಿ ಸಂದೇಶ ಒಯ್ದವರು, ಅಡಗಿಸಿ ಅನ್ನವಿಟ್ಟವರು, ಸೈಕಲ್ಲಿನಲ್ಲಿ ಗುಂಡು ಸಾಗಿಸಿದವರು ಪಟ್ಟಿಯಿಂದ ಆಚೆಯೇ ಉಳಿದರು. ಬದುಕಲೆಂದು ತಾವೇ ಅಳಿಸಿಕೊಂಡ ಹೆಸರುಗಳನ್ನು ಬಿಡುಗಡೆಯಾದ ದೇಶ ಮತ್ತೆ ಬರೆಯಲು ಬಹಳ ತಡಮಾಡಿತು. ಇದು ಇಡೀ ದಾರಿಯಲ್ಲಿ ಕಣ್ಣಿಗೆ ರಾಚುತ್ತದೆ.

ಮೋಂ ವಾಲೇರಿಯಾಂ ಗುಡ್ಡವಿರುವ ಪಕ್ಕದ ಊರು ಸುರೆನ್‌ಗೆ ಹೋಗಲು 4ನೇ ಮಾರ್ಗದ ಮೆಟ್ರೋದಲ್ಲಿ ಶಾತ್ಲೆ, ಅಲ್ಲಿ 14ಕ್ಕೆ ಬದಲಿಸಿ ಸಾಂ ಲಜಾರ್, ಅಲ್ಲಿಂದ ಎಲ್ ಮಾರ್ಗದ ರೈಲಿನಲ್ಲಿ ‘ಸುರೆನ್–ಮೋಂ ವಾಲೇರಿಯಾಂ’. ಟ್ರಾಮ್ ಕೂಡ ಊರಿಗೆ ಹೋಗುತ್ತದೆ. ಆದರೆ 2025ರ ಜನವರಿಯಿಂದ ಮೆಟ್ರೋ-ರೈಲಿನ ಬಿಡಿ ಟಿಕೆಟ್ಟೇ ಬೇರೆ, ಬಸ್ಸು-ಟ್ರಾಮಿನದೇ ಬೇರೆ. ಒಂದನ್ನು ಹಿಡಿದು ಇನ್ನೊಂದಕ್ಕೆ ಹತ್ತಿದರೆ ದಂಡ ತೆರಬೇಕಾದೀತು. ರೈಲಾದರೆ ಕೊನೆವರೆಗೂ ಒಂದೇ ಟಿಕೆಟ್ ನಡೆಯುತ್ತದೆ. ನಿಲ್ದಾಣದಿಂದ ಸ್ಮಾರಕಕ್ಕೆ ಕಾಲು ಗಂಟೆಯ ಏರುದಾರಿ.

ಮೋಂ ವಾಲೇರಿಯಾಂ ಹಳೆಯ ಕೋಟೆಯ ಗುಡ್ಡ. ರಸ್ತೆಗೆ ಮುಖಮಾಡಿ ನೂರೈವತ್ತು ಮೀಟರ್ ಉದ್ದದ ಕಲ್ಲಿನ ಗೋಡೆ, ನಡುವೆ ಹನ್ನೆರಡು ಮೀಟರ್ ಎತ್ತರದ, ಹೋರಾಟದ ಗುರುತಾದ ಎರಡು ಅಡ್ಡಪಟ್ಟಿಯ ಲೊರೇನ್ ಶಿಲುಬೆ, ಆರದ ಜ್ಯೋತಿ, ಹದಿನಾರು ಉಬ್ಬುಶಿಲ್ಪಗಳು. 1960ರ ಜೂನ್ 18ರಂದು ಅಧ್ಯಕ್ಷ ದ ಗಾಲ್ ಉದ್ಘಾಟಿಸಿದ ಈ ಸ್ಮಾರಕ ಭವ್ಯವಾಗಿದೆ. ಬಂದವರಲ್ಲಿ ಬಹುಪಾಲು ಜನ ಇಲ್ಲೇ ಫೋಟೋ ತೆಗೆದು ಹೊರಟುಬಿಡುತ್ತಾರೆ, ಅದು ದೊಡ್ಡ ನಷ್ಟ. ಜರ್ಮನರು ಸೆರೆಯಾಳುಗಳನ್ನು ಗುಂಡಿಟ್ಟು ಕೊಂದ ಬಯಲು ಇದರ ಹಿಂದೆ, ಮರಗಳ ನಡುವಿನ ತಗ್ಗಿನಲ್ಲಿದೆ. ಅಲ್ಲಿಗೂ ಹದಿನೇಳು ಸಮಾಧಿಗಳಿರುವ ನೆಲಮಾಳಿಗೆಗೂ ಮಾರ್ಗದರ್ಶಕರ ಜೊತೆಗಷ್ಟೇ ಪ್ರವೇಶ. ಶುಲ್ಕವಿಲ್ಲ, ಆದರೆ ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಮೊದಲು ಇಲ್ಲಿನ ವೇಳೆ ಗೊತ್ತುಮಾಡಿಕೊಂಡು, ಡಾನ್‌ಫೇರ್‌ನ ಹೊತ್ತನ್ನು ಅದಕ್ಕೆ ಹೊಂದಿಸಿ ಕಾದಿರಿಸುವುದು ಜಾಣತನ.

1941ರಿಂದ 1944ರವರೆಗೆ ಇಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಲಾರಿಯಲ್ಲಿ ತಂದು, ಸರದಿ ಬರುವವರೆಗೆ ಪುಟ್ಟ ಪ್ರಾರ್ಥನಾಮಂದಿರವೊಂದರಲ್ಲಿ ಕೂಡಿಹಾಕುತ್ತಿದ್ದರು. ಅದರ ಗೋಡೆಯ ಮೇಲೆ ಅವರು ಕೊನೆಯದಾಗಿ ಗೀಚಿದ ಮಾತುಗಳು ಉಳಿದಿವೆ. ಮಂದಿರದ ಎದುರು ಕಂಚಿನ ದೊಡ್ಡ ಗಂಟೆಯೊಂದು ನೆಲದ ಮೇಲೇ ಕೂತಿದೆ, ಅದರ ಮೈತುಂಬ ಹೆಸರುಗಳು. ಕಲಾವಿದ ಪಾಸ್ಕಾಲ್ ಕೋಂವೇರ್ ರಚಿಸಿದ ಈ ಗಂಟೆ ಇಲ್ಲಿಗೆ ಬಂದದ್ದು 2003ರಲ್ಲಿ. ಅಂದರೆ ಮುಂದಿನ ಗೋಡೆ ಎದ್ದು ನಲವತ್ತಮೂರು ವರ್ಷ ಕಳೆದ ಮೇಲೆ ಇಲ್ಲಿ ಸತ್ತವರ ಹೆಸರು ಇಲ್ಲಿ ಕೆತ್ತಲ್ಪಟ್ಟಿತು. ನಿಧಾನವಾಗಿ ಓದಿ. ಪೋಲಿಷ್, ಹಂಗೇರಿಯನ್, ಇಟಾಲಿಯನ್, ಅರ್ಮೇನಿಯನ್ ಹೆಸರುಗಳು ಫ್ರೆಂಚ್ ಹೆಸರುಗಳ ಜೊತೆಗೇ ಬರುತ್ತವೆ.

ಅವರಲ್ಲಿ ಮಿಸಾಕ್ ಮನೂಶಿಯಾನ್ ಒಬ್ಬ. ಅರ್ಮೇನಿಯನ್ ನರಮೇಧದಲ್ಲಿ ಅನಾಥನಾಗಿ ಫ್ರಾನ್ಸಿಗೆ ಬಂದ ಕವಿ. 1944ರ ಫೆಬ್ರವರಿ 21ರಂದು ಅವನೂ ಸೇರಿ, ಜರ್ಮನರ ವಿರುದ್ಧ ಹೋರಾಡಿದ ಅವನ ತಂಡದ ಇಪ್ಪತ್ತೆರಡು ಮಂದಿ ಇಲ್ಲಿ ಬಲಿಯಾದರು. ಅವರೊಂದಿಗೆ ಶಿಕ್ಷೆಗೊಳಗಾದ ಒಬ್ಬಳೇ ಹೆಣ್ಣುಮಗಳು ಓಲ್ಗಾ ಬಾನ್ಸಿಕ್‌ಳನ್ನು ಜರ್ಮನಿಗೆ ಒಯ್ದು ಮೇ 10ರಂದು ಸ್ಟುಟ್‌ಗಾರ್ಟ್‌ನಲ್ಲಿ ತಲೆ ಕಡಿದರು. ಹತ್ತು ಜನರ ಮುಖಗಳನ್ನು ಕೆಂಪು ಪೋಸ್ಟರ್‌ನಲ್ಲಿ ಅಚ್ಚುಹಾಕಿ, ‘ನೋಡಿ, ಇವರು ವಿದೇಶಿ ಅಪರಾಧಿಗಳು’ ಎಂದು ಸಾರಲು ಗೋಡೆಗೋಡೆಗೆ ಅಂಟಿಸಿದರು. ಇಲ್ಲಿನ ಗುಂಡೇಟಿನ ಚಿತ್ರಗಳೇ ಇಲ್ಲವೆಂದು ದಶಕಗಳ ಕಾಲ ನಂಬಲಾಗಿತ್ತು. ಜರ್ಮನ್ ಸೈನಿಕ ಕ್ಲೆಮೆನ್ಸ್ ರ್‍ಯೂಥರ್ ಆ ದಿನ ಗುಟ್ಟಾಗಿ ತೆಗೆದಿದ್ದ ಮೂರು ಚಿತ್ರಗಳು 2009ರಲ್ಲಿ ಜಗತ್ತಿಗೆ ತಿಳಿದವು.

ಗುಡ್ಡ ಇಳಿಯುತ್ತ ರ್‍ಯೂ ದ ಲಾ ತ್ಯುಯಿಲ್ರಿ ಬೀದಿಗೆ ಬನ್ನಿ. 23ನೇ ಸಂಖ್ಯೆಯ ಮನೆ ಫಜಲ್ ಮಂಜಿಲ್. ಕನ್ನಡಿಗರು ಇಲ್ಲಿ ನಿಲ್ಲಲು ಬೇರೆಯೇ ಕಾರಣವಿದೆ. ಇಲ್ಲಿ ಬೆಳೆದ ನೂರ್ ಇನಾಯತ್ ಖಾನ್ ಸೂಫಿ ಗುರು, ವೀಣಾವಾದಕ ಇನಾಯತ್ ಖಾನರ ಮಗಳು. ಇನಾಯತ್ ಖಾನರ ತಾಯಿಯ ತಂದೆ ಮೌಲಾಬಕ್ಷ್ ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದ ಗಾಯಕ. ಆತ ಕೈಹಿಡಿದದ್ದು ಟಿಪ್ಪು ಸುಲ್ತಾನನ ವಂಶದ ಹೆಣ್ಣನ್ನು ಎಂಬುದು ಆ ಮನೆತನದ ಪರಂಪರೆ. ಜಾತಕ ಕಥೆಗಳನ್ನು ಮಕ್ಕಳಿಗಾಗಿ ಬರೆದ ಈ ಮೆಲುದನಿಯ ಹುಡುಗಿ 1943ರ ಜೂನ್ ತಿಂಗಳ ಒಂದು ನಡುರಾತ್ರಿ ಬ್ರಿಟನ್ನಿನಿಂದ ಪುಟ್ಟ ಲೈಸ್ಯಾಂಡರ್ ವಿಮಾನದಲ್ಲಿ ಬಂದಿಳಿದಳು, ‘ಮದ್ಲೆನ್’ ಎಂಬ ಗುಪ್ತನಾಮದ, ಬ್ರಿಟಿಷ್ ಗುಪ್ತದಳದ ವೈರ್‌ಲೆಸ್ ಆಪರೇಟರ್ ಆಗಿ.

ಆ ಕೆಲಸ ಎಂಥದೆಂದು ತಿಳಿಯದೆ ಈ ಮನೆಯ ಮುಂದೆ ನಿಲ್ಲುವುದರಲ್ಲಿ ಅರ್ಥವಿಲ್ಲ. ಸೂಟ್‌ಕೇಸಿನಲ್ಲಿ ಅಡಗಿಸಿದ ಸೆಟ್ ಸುಮಾರು ಹದಿನೈದು ಕಿಲೋ ಭಾರ. ಜೊತೆಗೆ ಇಪ್ಪತ್ತು ಮೀಟರ್‌ನಷ್ಟು ಆಂಟೆನಾ ತಂತಿಯನ್ನು ಕಿಟಕಿಯಿಂದಲೋ ಮರಕ್ಕೋ ಚಾಚಬೇಕು. ತರಂಗಾಂತರ ನಿಗದಿಪಡಿಸುವ ಕ್ರಿಸ್ಟಲ್ ಚುಚ್ಚಿ, ಗೊತ್ತಾದ ಗಳಿಗೆಗೆ ಸಂಕೇತಲಿಪಿಯಲ್ಲಿ ಕುಟ್ಟಬೇಕು. ಸಂಕೇತ ಶುರುವಾದೊಡನೆ ಜರ್ಮನ್ ವ್ಯಾನುಗಳು ಬೇರೆಬೇರೆ ಕಡೆಯಿಂದ ದಿಕ್ಕು ಅಳೆಯುತ್ತವೆ. ಮೂರು ಗೆರೆಗಳು ಕೂಡುವಲ್ಲಿ ಬೇಟೆ ಇದೆ. ಆಮೇಲೆ ಒಂದೊಂದೇ ಕೇರಿಯ ವಿದ್ಯುತ್ ಕಡಿಯುತ್ತಾರೆ. ಯಾವ ಕೇರಿ ಕತ್ತಲಾದಾಗ ಸಂಕೇತ ನಿಂತಿತೋ ಅಲ್ಲೇ ಮನೆಮನೆ ಹುಡುಕಾಟ. ಹಾಗಾಗಿ ಒಂದೇ ಜಾಗದಿಂದ ಇಪ್ಪತ್ತು ನಿಮಿಷ ಮೀರಿದರೆ ಪ್ರಾಣಕ್ಕೇ ಸಂಚಕಾರ.

ನೂರ್ ಬಂದ ಕೆಲವೇ ದಿನಗಳಲ್ಲಿ ಅವಳು ಕೂಡಿಕೊಂಡ ‘ಪ್ರಾಸ್ಪರ್’ ಎಂಬ ಗುಪ್ತದಳದ ಜಾಲ ಕುಸಿಯಿತು. ವಾಪಸಾಗಲು ಒಪ್ಪದೆ ಅಕ್ಟೋಬರ್‌ವರೆಗೂ ಜಾಗ ಬದಲಿಸುತ್ತ ಸಂಪರ್ಕ ಉಳಿಸಿದಳು. ಕೊನೆಗೆ ಹಿಡಿದದ್ದು ವ್ಯಾನಲ್ಲ, ವಿಶ್ವಾಸದ್ರೋಹ. ಕಳಿಸಿದ ಸಂದೇಶಗಳ ಪ್ರತಿಗಳನ್ನು ಆಕೆ ಪುಸ್ತಕದಲ್ಲಿ ಇಟ್ಟುಕೊಂಡಿದ್ದಳು, ಅದು ಶತ್ರುವಿನ ಕೈಸೇರಿ ಲಂಡನ್ನಿಗೆ ಅವಳ ಹೆಸರಲ್ಲಿ ಸುಳ್ಳು ಸಂದೇಶ ಹೋಗುವಂತಾಯಿತು. ಇಷ್ಟಾದರೂ ವಿಚಾರಣೆಯಲ್ಲಿ ಬಾಯಿಬಿಡಲಿಲ್ಲ, ತಪ್ಪಿಸಿಕೊಳ್ಳಲು ಯತ್ನಿಸಿ ಮತ್ತೆ ಸಿಕ್ಕಿಬಿದ್ದಳು. ಫೋರ್ಟ್ಸ್‌ಹೈಮ್ ಸೆರೆಯಲ್ಲಿ ತಿಂಗಳುಗಟ್ಟಲೆ ಸರಪಳಿ ಹಾಕಿಸಿಕೊಂಡು, 1944ರ ಸೆಪ್ಟೆಂಬರ್ 13ರಂದು ಡಾಖಾವ್ ಯಾತನಾ ಶಿಬಿರದಲ್ಲಿ ಗುಂಡಿಗೆ ಬಲಿಯಾದಳು. ಆಗ ಅವಳಿಗೆ ಮೂವತ್ತು ವರ್ಷ.

ಫಜಲ್ ಮಂಜಿಲ್ ಮ್ಯೂಸಿಯಂ ಅಲ್ಲ, ಗಂಟೆ ಒತ್ತಬೇಡಿ. ನೂರ್ ಇಲ್ಲಿ ವಾಸವಿದ್ದಳೆಂದು ಹೇಳುವ ಫಲಕದಲ್ಲಿ ಮದ್ಲೆನ್ ಎಂಬ ಹೆಸರೂ ಇದೆ.

ಇನ್ನೊಂದು ದಿನ ಸಿಕ್ಕರೆ ಈವ್ರಿ ಸ್ಮಶಾನಕ್ಕೆ ಹೋಗಿ. ಮೋಂ ವಾಲೇರಿಯಾಂನಲ್ಲಿ ಕೊಂದವರ ಹೆಣಗಳನ್ನು ಜರ್ಮನರು ಪ್ಯಾರಿಸ್ ಸುತ್ತಲಿನ ಸ್ಮಶಾನಗಳಲ್ಲಿ ಚದುರಿಸಿ, ಹೆಸರಿಲ್ಲದೆ ಹೂಳಿಸಿದರು. ಜನ ಒಂದೆಡೆ ಸೇರಿ ಹೂವಿಡುವುದನ್ನು ತಡೆಯುವುದೇ ಉದ್ದೇಶ. ಮನೂಶಿಯಾನ್ ಎಂಬತ್ತು ವರ್ಷ ಮಲಗಿದ್ದದ್ದು ಈವ್ರಿಯಲ್ಲೇ. 2024ರ ಫೆಬ್ರವರಿ 21ರಂದು ಅವನನ್ನೂ ಹೆಂಡತಿ ಮೆಲಿನೆಯನ್ನೂ ರಾಷ್ಟ್ರದ ಮಹನೀಯರ ಸಮಾಧಿಮಂದಿರವಾದ ಪಾಂತೆಯೋಂಗೆ ಒಯ್ದು ಗೌರವಿಸಿದರು. ತಂಡದ ಸಂಗಾತಿಗಳ ಹೆಸರು ಅಲ್ಲಿ ಫಲಕದಲ್ಲಿ ಸೇರಿತು, ಅವರಲ್ಲಿ ಹಲವರ ಗೋರಿಗಳಿಗೆ ಮಾತ್ರ ಈವ್ರಿಗೇ ಹೋಗಬೇಕು. ಸ್ಮಶಾನ ದೊಡ್ಡದು. ಬಾಗಿಲಲ್ಲೇ ನಕ್ಷೆ ಕೇಳಿ ಪಡೆದು, ಗುಂಡಿಗೆ ಬಲಿಯಾದವರ ವಿಭಾಗ ಎಲ್ಲಿದೆಯೆಂದು ಗುರುತು ಹಾಕಿಸಿಕೊಂಡೇ ಒಳಗೆ ನಡೆಯಿರಿ.