ಮೂರನೇ ಸಿಲಿಂಡರಿನ ತಪ್ಪಿಗೆ ಕನ್ವರ್ಟರ್ ತೆತ್ತ ದಂಡ

ನಮ್ಮ ಮನೆಯ ಎಸ್‌ಯುವಿ ಏರು ರಸ್ತೆಯಲ್ಲಿ ಮೊದಲಿನಂತೆ ಎಳೆಯುತ್ತಿಲ್ಲ ಎಂಬುದು ಗಮನಕ್ಕೆ ಬಂದಾಗ, ಅದನ್ನು ನಾನು ಗಾಡಿಯ ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗಿದ್ದೆ. ಕೆಲವು ವಾರಗಳ ನಂತರ ಎಂಜಿನ್ ಎಚ್ಚರಿಕೆಯ ದೀಪ ಹೊತ್ತಿಕೊಂಡು ಆರದೆ ನಿಂತಿತು. ಸ್ಕ್ಯಾನರ್ ಜೋಡಿಸಿದಾಗ ಕಂಡದ್ದು ಪಿ0420 ಎಂಬ ಸಂಕೇತ. ಅಂದರೆ, ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸಲು ಹೊಗೆಕೊಳವೆಯಲ್ಲಿ ಕೂರಿಸಿರುವ ಕ್ಯಾಟಲಿಟಿಕ್ ಕನ್ವರ್ಟರಿನ ದಕ್ಷತೆ ನಿಗದಿತ ಮಟ್ಟಕ್ಕಿಂತ ಕೆಳಗೆ ಇಳಿದಿದೆ ಎಂಬ ಎಂಜಿನ್ ಕಂಪ್ಯೂಟರಿನ ತೀರ್ಮಾನ.

ಈ ತೀರ್ಮಾನಕ್ಕೆ ಕಂಪ್ಯೂಟರ್ ಹೇಗೆ ಬರುತ್ತದೆ ಎಂಬುದನ್ನು ತಿಳಿಯದೆ ಕೈಯಲ್ಲಿ ಸ್ಪ್ಯಾನರ್ ಹಿಡಿಯುವುದು ವ್ಯರ್ಥ. ಕನ್ವರ್ಟರಿನ ಒಳಗೆ ಜೇನುಗೂಡಿನಂತಹ ಸೆರಾಮಿಕ್ ಇಟ್ಟಿಗೆಯೊಂದಿದ್ದು, ಅದರ ಸಣ್ಣ ಕಿಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುವಾದ ಲೇಪನವಿರುತ್ತದೆ. ಆ ಲೇಪನದಲ್ಲೇ ಇರುವ ಸೀರಿಯಂ ಆಕ್ಸೈಡ್ ಆಮ್ಲಜನಕವನ್ನು ಹಿಡಿದಿಟ್ಟುಕೊಂಡು, ಬೇಕಾದಾಗ ಬಿಟ್ಟುಕೊಡುತ್ತದೆ. ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆದು ವೋಲ್ಟೇಜಿನಲ್ಲಿ ತಿಳಿಸಲು ಕನ್ವರ್ಟರಿನ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ; ನಮ್ಮ ಗಾಡಿಯಲ್ಲಿರುವುದು ಹಳೆಯ ಬಗೆಯವು. ಕನ್ವರ್ಟರಿಗಿಂತ ಮುಂದಿನದು ಸುಮಾರು 0.1ರಿಂದ 0.9 ವೋಲ್ಟ್‌ಗಳ ನಡುವೆ ಸದಾ ಓಲಾಡುತ್ತಿದ್ದರೆ, ಅದರ ಹಿಂದಿನದು, ಆಮ್ಲಜನಕದ ಏರಿಳಿತವನ್ನೆಲ್ಲ ಕನ್ವರ್ಟರ್ ನುಂಗಿಕೊಳ್ಳುವುದರಿಂದ, 0.6 ಅಥವಾ 0.7ರ ಆಸುಪಾಸಿನಲ್ಲಿ ಹೆಚ್ಚು ಕದಲದೆ ನಿಲ್ಲಬೇಕು. ಹಿಂದಿನದೂ ಮುಂದಿನದರ ತಾಳಕ್ಕೆ ಕುಣಿಯತೊಡಗಿದರೆ, ಹಿಡಿದಿಟ್ಟುಕೊಳ್ಳುವ ಶಕ್ತಿ ಹೋಗಿದೆ ಎಂದೇ ಅರ್ಥ.

ಇಲ್ಲಿ ಬಹುತೇಕರು ಮಾಡುವ ಮೊದಲ ಕೆಲಸವೆಂದರೆ ಹಿಂದಿನ ಸೆನ್ಸರನ್ನು ಬದಲಾಯಿಸುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಸೆನ್ಸರ್ ನಿಜವಾಗಿ ಕೆಟ್ಟಿದ್ದರೆ ಸಾಮಾನ್ಯವಾಗಿ ಅದರದೇ ಬೇರೆ ಸಂಕೇತ ಬರುತ್ತದೆ. ಅಲ್ಲದೆ ಸೋತ ಸೆನ್ಸರ್ ಮಂದವಾಗುವುದೇ ಹೆಚ್ಚು, ಚುರುಕಾಗಿ ಓಲಾಡುವುದಿಲ್ಲ. ಅದಕ್ಕಿಂತ ಮೊದಲು ನೋಡಬೇಕಾದದ್ದು ಹೊಗೆಕೊಳವೆಯ ಸೋರಿಕೆಯನ್ನು. ಹಿಂದಿನ ಸೆನ್ಸರಿಗಿಂತ ಮುಂಚಿನ ಯಾವುದೇ ಸಂದಿನಲ್ಲಿ ಬಿರುಕಿದ್ದರೆ, ಹೊಗೆಯ ಎರಡು ಬಡಿತಗಳ ನಡುವೆ ಹೊರಗಿನ ಗಾಳಿ ಒಳಕ್ಕೆ ಸೆಳೆಯಲ್ಪಟ್ಟು ಸೆನ್ಸರಿನ ಲೆಕ್ಕವನ್ನೇ ತಪ್ಪಿಸುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಚಾಲೂ ಮಾಡಿ, ಸಂದುಗಳ ಬಳಿ ಟಿಕ್ ಟಿಕ್ ಸದ್ದಿದೆಯೇ, ಮಸಿಯ ಗೆರೆ ಇದೆಯೇ ಎಂದು ಹುಡುಕಿದೆ. ಎರಡೂ ಇರಲಿಲ್ಲ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 2,500 ಆರ್‌ಪಿಎಂನಲ್ಲಿ ಕೆಲವು ನಿಮಿಷ ಹಿಡಿದು, ಎರಡೂ ಸೆನ್ಸರುಗಳ ಗೆರೆಗಳನ್ನು ಒಂದೇ ಪರದೆಯಲ್ಲಿ ನೋಡಿದಾಗ ಅವು ಅವಳಿಗಳಂತೆ ಏರಿಳಿಯುತ್ತಿದ್ದವು. ನಂತರ ಮುಂದಿನ ಸೆನ್ಸರನ್ನು ಬಿಚ್ಚಿ ಅದರ ರಂಧ್ರಕ್ಕೆ ಒತ್ತಡಮಾಪಕವನ್ನು ತಿರುಗಿಸಿದೆ. ಈ ವೇಗದಲ್ಲಿ 3 ಪಿಎಸ್‌ಐ (ಒತ್ತಡದ ಅಳತೆ) ಒಳಗಿರಬೇಕಾದ ಹಿಮ್ಮುಖ ಒತ್ತಡ, ಅಂದರೆ ಹೊರಹೋಗಲು ದಾರಿ ಸಾಲದ ಹೊಗೆ ಹಿಂದಕ್ಕೆ ಒತ್ತುವ ಬಲ, 6ರ ಬಳಿ ನಿಂತಿತ್ತು. ಏರಿನಲ್ಲಿ ಗಾಡಿ ಏಕೆ ಏದುಸಿರು ಬಿಡುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ರಬ್ಬರ್ ಸುತ್ತಿಗೆಯಿಂದ ಕನ್ವರ್ಟರನ್ನು ಮೆಲ್ಲಗೆ ತಟ್ಟಿದರೆ ಒಳಗೆ ಚೂರುಗಳು ಕಲಕುವ ಸದ್ದೂ ಕೇಳಿಸಿತು.

ಗ್ಯಾರೇಜಿನವರು ಹೊಸ ಕನ್ವರ್ಟರ್ ಹಾಕಿಬಿಡೋಣ ಎಂದರು. ನಾನು ಒಪ್ಪಲಿಲ್ಲ. ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ, ಹೆಚ್ಚಿನ ಸಂದರ್ಭಗಳಲ್ಲಿ ಅದನ್ನು ಎಂಜಿನ್ನೇ ಕೊಂದಿರುತ್ತದೆ. ಸುಡುತ್ತಿರುವ ಎಂಜಿನ್ ಆಯಿಲ್, ಒಳಕ್ಕೆ ಸೋರಿದ ಕೂಲೆಂಟ್ ಅಥವಾ ಉರಿಯದೆ ಹೊರಬಿದ್ದ ಪೆಟ್ರೋಲ್, ಈ ಮೂರರಲ್ಲಿ ಯಾವುದೆಂದು ತಿಳಿಯದೆ ಹೊಸದನ್ನು ಹಾಕಿದರೆ ಅದಕ್ಕೂ ಅದೇ ಗತಿ. ಸ್ಕ್ಯಾನರಿನ ಹಳೆಯ ದಾಖಲೆಯಲ್ಲಿ ಪಿ0303, ಅಂದರೆ ಮೂರನೇ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದ ‘ಮಿಸ್‌ಫೈರ್’, ಉಳಿದಿತ್ತು. ಆಗ ನೆನಪಾಯಿತು: ತಿಂಗಳುಗಳ ಹಿಂದೆ ಒಂದು ದೂರ ಪ್ರಯಾಣದಲ್ಲಿ ಇದೇ ದೀಪ ಮಿನುಗಿತ್ತು, ಮನೆ ತಲುಪಿದರೆ ಸಾಕೆಂದು ನಾನು ಓಡಿಸುತ್ತಲೇ ಇದ್ದೆ. ಸುಮ್ಮನೆ ಹೊತ್ತಿರುವ ದೀಪಕ್ಕೂ ಮಿನುಗುವ ದೀಪಕ್ಕೂ ಇರುವ ವ್ಯತ್ಯಾಸವನ್ನು ನಾನು ಬಲ್ಲವನೇ. ಉರಿಯದ ಇಂಧನ ಕನ್ವರ್ಟರಿನೊಳಗೆ ಹೊತ್ತಿಕೊಂಡು ಅದನ್ನು ಈ ಕ್ಷಣವೇ ಹಾಳುಮಾಡುತ್ತಿರಬಹುದು ಎಂಬುದೇ ಮಿನುಗುವಿಕೆಯ ಅರ್ಥ. ಬಲ್ಲೆನಾದರೂ ನಿಲ್ಲಿಸಲಿಲ್ಲ.

ಮೂರನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಎತ್ತಿದಾಗ ಸ್ಪಾರ್ಕ್ ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ನಿಂತಿತ್ತು. ಎಂಜಿನ್ನಿನ ಮೇಲ್ಮುಚ್ಚಳವಾದ ವಾಲ್ವ್ ಕವರಿನ ಸೀಲ್ ಗಟ್ಟಿಯಾಗಿ ಸೋರಿ, ಆ ಆಯಿಲಿನಲ್ಲಿ ನೆನೆದ ಕಾಯಿಲಿನ ರಬ್ಬರ್ ತೋಳು ಮೆತ್ತಗಾಗಿ ಬಿರಿದು, ಕಿಡಿಯು ಪ್ಲಗ್ಗಿನ ತುದಿಯವರೆಗೆ ಹೋಗದೆ ಪಕ್ಕದ ಲೋಹಕ್ಕೆ ಹಾರುತ್ತಿತ್ತು. ಅಗ್ಗದ ಒಂದು ರಬ್ಬರ್ ಸೀಲಿನಿಂದ ಹೊರಟ ಕೇಡು ಗಾಡಿಯ ಅತಿ ದುಬಾರಿ ಬಿಡಿಭಾಗಗಳಲ್ಲಿ ಒಂದನ್ನು ಹೀಗೆ ಮುಟ್ಟಿತ್ತು.

ಆದ್ದರಿಂದ ದುರಸ್ತಿಯೂ ಅದೇ ಕ್ರಮದಲ್ಲಿ ನಡೆಯಿತು. ಮೊದಲು ವಾಲ್ವ್ ಕವರಿನ ಗ್ಯಾಸ್ಕೆಟ್ ಮತ್ತು ಸೀಲುಗಳು, ಆಮೇಲೆ ಕಾಯಿಲ್ ಮತ್ತು ಪ್ಲಗ್ಗುಗಳು; ಮಿಸ್‌ಫೈರಿನ ಎಣಿಕೆ ಸೊನ್ನೆಯಲ್ಲೇ ನಿಂತಿದೆ ಎಂದು ಖಚಿತವಾದ ಮೇಲಷ್ಟೇ ಕನ್ವರ್ಟರ್. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕುಬಿಡಿಸುವ ಎಣ್ಣೆ ಹಾಕಿದ್ದರೂ ಒಂದು ಮುರಿಯಿತು, ಅದನ್ನು ಕೊರೆದು ತೆಗೆಯುವುದರಲ್ಲಿ ಅರ್ಧ ದಿನ ಹೋಯಿತು. ಹಳೆಯ ಕನ್ವರ್ಟರಿನ ಒಂದು ತುದಿಗೆ ಟಾರ್ಚ್ ಹಿಡಿದರೆ, ಕಿಂಡಿಗಳು ಕರಗಿ ಮುದ್ದೆಯಾಗಿದ್ದ ಜಾಗವನ್ನು ದಾಟಿ ಬೆಳಕು ಬರಲಿಲ್ಲ.

ಸಂಕೇತವನ್ನು ಅಳಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕಂಪ್ಯೂಟರ್ ತನ್ನ ಸ್ವಪರೀಕ್ಷೆಯನ್ನು ಮತ್ತೆ ಪೂರೈಸಲು ತಣ್ಣನೆಯ ಚಾಲನೆಗಳೂ, ಒಂದೇ ವೇಗದ ದೀರ್ಘ ಓಟಗಳೂ ಬೇಕು. ನಮ್ಮ ಗಾಡಿಗೆ ಐದು ದಿನ ಹಿಡಿಯಿತು. ಆರನೆಯ ದಿನ ಹಿಂದಿನ ಸೆನ್ಸರಿನ ಗೆರೆ 0.7 ವೋಲ್ಟಿನಲ್ಲಿ ಬಹುತೇಕ ಅಲುಗದೆ ನಿಂತಿತ್ತು. ಅಷ್ಟಕ್ಕೆ ಸಮಾಧಾನವಾಗದೆ, ಮೂರನೇ ಕಾಯಿಲನ್ನು ಇನ್ನೊಮ್ಮೆ ಎತ್ತಿ ಗುಂಡಿಯೊಳಗೆ ಬಿಳಿ ಬಟ್ಟೆ ಆಡಿಸಿದೆ. ಬಟ್ಟೆಗೆ ಏನೂ ಅಂಟಲಿಲ್ಲ.